ಬಾಕಿ ಕೇಳುವ ಪತ್ರವೂ ಕೃತಕ ಬುದ್ಧಿಮತ್ತೆಯ ಸಹಾಯಕನೂ

ಸರಕು ಮಾರುವುದು ವ್ಯಾಪಾರದ ಅರ್ಧ ಕೆಲಸ. ಮಾರಿದ ಸರಕಿನ ಹಣವನ್ನು ಪೇಟೆಯ ಸಂಬಂಧ ಕೆಡದಂತೆ ವಸೂಲು ಮಾಡಿಕೊಳ್ಳುವುದು ಉಳಿದ ಅರ್ಧ. ನಮ್ಮ ಹಿರಿಯರು ಈ ಎರಡನೆಯ ಕೆಲಸವನ್ನು ಪೋಸ್ಟ್ ಕಾರ್ಡಿನಲ್ಲಿ ಮಾಡುತ್ತಿದ್ದರು. ದೀಪಾವಳಿಯ ಪಾಡ್ಯದಂದು ಹೊಸ ಕಿರ್ದಿಗೆ ಪೂಜೆಯಾದ ಮೇಲೆ ಅಡತಿ ಅಂಗಡಿಯ ಗುಮಾಸ್ತರು ಕುಳಿತು, ಯಾರ ಖಾತೆಯಲ್ಲಿ ಎಷ್ಟು ಶಿಲ್ಕು ಉಳಿದಿದೆಯೆಂದು ನೋಡಿ, ಒಂದೊಂದು ಊರಿಗೆ ಹತ್ತು ಹದಿನೈದು ಕಾರ್ಡುಗಳನ್ನು ಬರೆಯುತ್ತಿದ್ದರು. ಇಂದು ಆ ಕಾರ್ಡಿನ ಸ್ಥಾನವನ್ನು ವಾಟ್ಸಾಪ್ ಸಂದೇಶವೂ ಇ-ಮೇಲೂ ಆಕ್ರಮಿಸಿವೆ. ಬರೆಯುವ ಗುಮಾಸ್ತರ ಸ್ಥಾನಕ್ಕೆ ಕೃತಕ ಬುದ್ಧಿಮತ್ತೆಯ ಸಹಾಯಕ ಬಂದು ನಿಂತಿದ್ದಾನೆ. ಚಾಟ್‌ಜಿಪಿಟಿಯು 2022ರ ನವೆಂಬರ್ 30ರಂದು ಸಾರ್ವಜನಿಕರಿಗೆ ಲಭ್ಯವಾಯಿತು. ಗೂಗಲ್ ಸಂಸ್ಥೆಯ ಜೆಮಿನಿ ಆ್ಯಪ್ 2024ರ ಜೂನ್ ತಿಂಗಳಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಲ್ಲಿ ನಮ್ಮ ದೇಶಕ್ಕೆ ಬಂದಿತು. ಅಂದಿನಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ವರ್ತಕ ಬಂಧುಗಳು ನಮ್ಮ ಕಚೇರಿಗೆ ಬಂದಾಗ ಜಿಎಸ್‌ಟಿಯ ಮಾತು ಮುಗಿದ ಬಳಿಕ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದಾರೆ: "ಬಾಕಿ ಕೇಳುವ ಪತ್ರಗಳನ್ನು ಇದರಿಂದ ಬರೆಯಿಸಬಹುದೇ?"

ಬರೆಯಿಸಬಹುದು. ನಮ್ಮ ಕಚೇರಿಯಲ್ಲಿಯೂ ಬರೆಯಿಸುತ್ತಿದ್ದೇವೆ. ಮಾಸಿಕ ವಿವರಣೆ ಸಲ್ಲಿಸುವವರು 11ನೆಯ ತಾರೀಖಿನ ಜಿಎಸ್‌ಟಿಆರ್-1, 20ನೆಯ ತಾರೀಖಿನ ಜಿಎಸ್‌ಟಿಆರ್-3ಬಿ ಇವುಗಳಿಗೆ ಮುಂಚೆ ಖರೀದಿ ಬಿಲ್ಲುಗಳನ್ನು ತಲುಪಿಸುವಂತೆ ಪಕ್ಷಗಾರರಿಗೆ ಕಳಿಸುವ ಜ್ಞಾಪನೆಗಳಲ್ಲಿ ಯಂತ್ರದ ನೆರವಿನಿಂದ ನಮ್ಮ ಸಹಾಯಕರಿಗೆ ಎಷ್ಟೋ ಸಮಯ ಉಳಿದಿದೆ. ಈ ಬಗೆಯ ಪತ್ರದಲ್ಲಿ ತಪ್ಪಾದರೂ ಹೆಚ್ಚಿನ ಹಾನಿಯಿಲ್ಲ. ಹಣದ ಬಾಕಿಯ ಪತ್ರ ಹಾಗಲ್ಲ. ಅದರ ಹಿಂದೆ ಲೆಕ್ಕವಿದೆ, ಕಾನೂನಿದೆ, ನೆಂಟಸ್ತನವೂ ಇದೆ. ಆದುದರಿಂದ ಈ ಲೇಖನದಲ್ಲಿ ಹಣದ ಬಾಕಿಯ ಪತ್ರವನ್ನೇ ಮುಖ್ಯವಾಗಿ ವಿಚಾರಿಸಲಾಗಿದೆ.

ಹನ್ನೊಂದು ಸಂದೇಶ, ಒಂದೂ ಉತ್ತರವಿಲ್ಲ

ಮೊದಲು ಒಂದು ಪ್ರಸಂಗ. ನಮ್ಮ ಪಕ್ಷಗಾರರೊಬ್ಬರು ಕಬ್ಬಿಣ ಮತ್ತು ಸಿಮೆಂಟಿನ ವ್ಯಾಪಾರಿಗಳು. ದೂರದ ಬೀಗರಾದ ಗುತ್ತಿಗೆದಾರರೊಬ್ಬರಿಗೆ ಉದ್ರಿ ಕೊಟ್ಟಿದ್ದರು. ಕೊನೆಯ ಸರಕು ಹೋದದ್ದು 2022ರ ಏಪ್ರಿಲ್‌ನಲ್ಲಿ. ಉಳಿದ ಬಾಕಿ ಮೂರು ಲಕ್ಷಕ್ಕೂ ಮಿಕ್ಕಿತ್ತು. ಹಿರಿಯರಿಗೆ ಕೇಳಲು ಸಂಕೋಚ. ಮದುವೆ ಮುಂಜಿವೆಗಳಲ್ಲಿ ಎದುರುಬದುರಾಗುವವರನ್ನು ಹೇಗೆ ಕೇಳುವುದು? ಕೊನೆಗೆ ಮಗನು ಕೆಲಸವನ್ನು ಕೈಗೆತ್ತಿಕೊಂಡು ಯಂತ್ರದಿಂದ ಬರೆಯಿಸಿದ ಸುಂದರವಾದ ಸಂದೇಶಗಳನ್ನು ಎರಡು ತಿಂಗಳಿಗೊಂದರಂತೆ ಕಳಿಸತೊಡಗಿದನು. ಒಟ್ಟು ಹನ್ನೊಂದು ಸಂದೇಶಗಳು ಹೋದವು. ಪ್ರತಿಯೊಂದರ ಕೆಳಗೂ ಓದಿದ ಗುರುತಿನ ಎರಡು ನೀಲಿ ಗೆರೆಗಳಿದ್ದವು. 2025ರ ಮಳೆಗಾಲದಲ್ಲಿ ತಂದೆ ಮಗ ಇಬ್ಬರೂ ಆ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, ಇನ್ನು ವಕೀಲರನ್ನು ಕಾಣಬಹುದೇ ಎಂದು ಕೇಳಿದರು. ಅಷ್ಟರಲ್ಲಿ ಕಾಲ ಮಿಂಚಿಹೋಗಿತ್ತು.

1963ರ ಕಾಲಮಿತಿ ಕಾಯ್ದೆಯ ಪ್ರಕಾರ, ನಿಗದಿತ ಉದ್ರಿ ಅವಧಿಯಿಲ್ಲದೆ ಮಾರಿ ತಲುಪಿಸಿದ ಸರಕಿನ ಬೆಲೆಗಾಗಿ ದಾವೆ ಹೂಡಲು ಸರಕು ತಲುಪಿಸಿದ ದಿನದಿಂದ ಮೂರು ವರ್ಷಗಳ ಅವಧಿಯಿರುತ್ತದೆ. ಉದ್ರಿಯ ಅವಧಿಯನ್ನು ನಿಗದಿಪಡಿಸಿದ್ದರೆ ಆ ಅವಧಿ ಮುಗಿದಂದಿನಿಂದ ಮೂರು ವರ್ಷ. ಬಾಕಿ ಬರಬೇಕಾದವರು ಎಷ್ಟು ಜ್ಞಾಪನೆಗಳನ್ನು ಕಳಿಸಿದರೂ ಈ ಅವಧಿ ಒಂದು ದಿನವೂ ಮುಂದೆ ಸರಿಯದು. ಮುಂದೆ ಸರಿಯುವುದು ಬಾಕಿದಾರರು ಏನನ್ನಾದರೂ ಮಾಡಿದಾಗ ಮಾತ್ರ. ಅವಧಿಯೊಳಗೆ ಅವರು ಋಣವನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ 18ನೆಯ ಕಲಮಿನನ್ವಯ ಅಂದಿನಿಂದ ಹೊಸ ಮೂರು ವರ್ಷಗಳು ಆರಂಭವಾಗುತ್ತವೆ. ಅವಧಿಯೊಳಗೆ ಸ್ವಲ್ಪ ಹಣ ಪಾವತಿಮಾಡಿ, ಆ ಪಾವತಿಯು ಅವರ ಬರಹದಲ್ಲಿಯಾಗಲಿ ಸಹಿಯಲ್ಲಿಯಾಗಲಿ ದಾಖಲಾಗಿದ್ದರೆ 19ನೆಯ ಕಲಮಿನನ್ವಯ ಅದೇ ಫಲ. ಅವಧಿ ಮುಗಿದ ಮೇಲೆ ಬರುವ ಒಪ್ಪಿಗೆಗೆ 18ನೆಯ ಕಲಮಿನ ಬಲವಿಲ್ಲ. ಆಗ ಬಾಕಿದಾರರು ಹಣ ಕೊಡುವುದಾಗಿ ಹೊಸದಾಗಿ ಬರೆದು ಸಹಿ ಮಾಡಿದ ವಾಗ್ದಾನವೇ ಬೇಕು. 1872ರ ಕರಾರು ಕಾಯ್ದೆಯ 25(3)ನೆಯ ಕಲಮು ಅದಕ್ಕೆ ಅವಕಾಶ ಕೊಡುತ್ತದೆಯಾದರೂ ಮೂರು ವರ್ಷ ಸುಮ್ಮನಿದ್ದವರಿಂದ ಅದನ್ನು ಪಡೆಯುವುದು ಎಷ್ಟು ಕಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ನೀಲಿ ಗೆರೆಗಳು ಸಂದೇಶ ತೆರೆದದ್ದನ್ನು ತೋರಿಸುತ್ತವೆ, ಋಣ ಒಪ್ಪಿದ್ದನ್ನಲ್ಲ. ಹನ್ನೊಂದು ಸಂದೇಶಗಳಲ್ಲಿ ಭಾಷೆಯ ದೋಷ ಒಂದೂ ಇರಲಿಲ್ಲ. ಆದರೆ ಎಲ್ಲವೂ "ಆದಷ್ಟು ಬೇಗ ಪಾವತಿಸಿ ಸಹಕರಿಸಬೇಕಾಗಿ ವಿನಂತಿ" ಎಂದೇ ಮುಗಿದಿದ್ದವು. ಇಂತಹ ವಾಕ್ಯಕ್ಕೆ ಉತ್ತರ ಬರೆಯುವ ಅಗತ್ಯವೇ ಇಲ್ಲ. ಹಣವಿದ್ದವರು ಕಳಿಸುತ್ತಾರೆ, ಇಲ್ಲದವರು ಸುಮ್ಮನಿರುತ್ತಾರೆ. ಅದರ ಬದಲಿಗೆ "ನಮ್ಮ ಪುಸ್ತಕದಲ್ಲಿ ತಮ್ಮ ಹೆಸರಿನಲ್ಲಿ ಇಷ್ಟು ಶಿಲ್ಕು ಇದೆ. ತಮ್ಮ ಪುಸ್ತಕದಲ್ಲಿಯೂ ಇಷ್ಟೇ ಇದೆಯೇ? ವ್ಯತ್ಯಾಸವಿದ್ದರೆ ತಿಳಿಸಿರಿ" ಎಂದು ಕೇಳಿದ್ದರೆ, ಬೀಗರಿಗೂ ಅವಮಾನವಿಲ್ಲ, ಉತ್ತರ ಕೊಡಲು ಕಾರಣವೂ ಇತ್ತು. ಲೆಕ್ಕ ತಾಳೆ ನೋಡುವುದು ಕೇಳುವವರಿಗೂ ಸಂಕೋಚವಲ್ಲ, ಹೇಳುವವರಿಗೂ ಸಂಕೋಚವಲ್ಲ. ಈ ಒಂದು ಪ್ರಶ್ನೆಯನ್ನು ಯಂತ್ರವು ತಾನಾಗಿ ಬರೆಯುವುದನ್ನು ನಾನು ಇದುವರೆಗೆ ಕಂಡಿಲ್ಲ. ಕೇಳಿಕೊಂಡರೆ ಚೆನ್ನಾಗಿಯೇ ಬರೆಯುತ್ತದೆ.

ಯಂತ್ರಕ್ಕೆ ಏನನ್ನು ಹೇಳಬೇಕು

ಹೊಸ ಗುಮಾಸ್ತನಿಗೆ ಕೆಲಸ ಹೇಳುವಂತೆಯೇ ಇದಕ್ಕೂ ಹೇಳತಕ್ಕದ್ದು. "ಬಾಕಿ ಪತ್ರ ಬರೆ" ಎಂದಷ್ಟೇ ಹೇಳಿದರೆ ಎಲ್ಲಿಯದೋ ಕಂಪನಿಯ ಪತ್ರ ಬರುತ್ತದೆ. ನಮ್ಮ ಕಚೇರಿಯಲ್ಲಿ ಹಲವು ಸಲ ತಿದ್ದಿದ ಮೇಲೆ ಉಳಿದುಕೊಂಡ ಸೂಚನೆ ಹೀಗಿದೆ. ಓದುಗರು ತಮ್ಮ ವ್ಯಾಪಾರಕ್ಕೆ ಹೊಂದುವಂತೆ ಬದಲಿಸಿಕೊಳ್ಳಬಹುದು.

"ನೀನು ಗೋಕಾಕದ ಸಗಟು ವ್ಯಾಪಾರಿಯೊಬ್ಬರ ಪರವಾಗಿ ಪತ್ರ ಬರೆಯುವ ಗುಮಾಸ್ತ. ಗಿರಾಕಿಯು ವಯಸ್ಸಿನಲ್ಲಿ ಹಿರಿಯರು, ಹದಿನೈದು ವರ್ಷಗಳಿಂದ ವ್ಯವಹಾರವಿದೆ. ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಕೆಳಗಿವೆ. ಇವುಗಳನ್ನು ಬದಲಿಸಬೇಡ, ನಾನು ಕೊಡದ ಯಾವುದನ್ನೂ ಸೇರಿಸಬೇಡ. ಬಡ್ಡಿ, ಕಾನೂನು, ವಕೀಲರ ಮಾತು ಈ ಪತ್ರದಲ್ಲಿ ಬೇಡ. ಎಂಟು ಸಾಲು ಮೀರಬಾರದು. ಮೊದಲು ಶಿಲ್ಕು ಅವರ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದು ಕೇಳು, ಆಮೇಲೆ ಹಣ ಕಳಿಸುವ ದಿನಾಂಕ ಕೇಳು. ಕನ್ನಡದಲ್ಲಿಯೇ ಯೋಚಿಸಿದಂತೆ ಬರೆ, ಇಂಗ್ಲಿಷ್ ಪತ್ರವನ್ನು ಅನುವಾದಿಸಬೇಡ."

ಕೊನೆಯ ವಾಕ್ಯದ ಅವಶ್ಯಕತೆ ನಮಗೆ ತಿಳಿದದ್ದು ಹುಕ್ಕೇರಿಯ ಕಿರಾಣಿ ವ್ಯಾಪಾರಿಯೊಬ್ಬರಿಂದ. ಅವರಿಗೆ ಹೋದ ಸಂದೇಶದ ತಲೆಬರಹ "ಇದು ಒಂದು ಮೃದು ಜ್ಞಾಪನೆ" ಎಂದಿತ್ತು. ಕೂಡಲೇ ಫೋನ್ ಬಂದಿತು. "ಸಾಹೇಬ್ರ, ಮೃದು ಜ್ಞಾಪನ ಅಂದ್ರ ಏನ್ರಿ? ಇದರ ಹಿಂದ ಬಿರುಸಂದು ಬ್ಯಾರೆ ಬರೂದೈತೇನ್ರಿ?" ಇಂಗ್ಲಿಷಿನಲ್ಲಿ ಸವೆದುಹೋದ ಸೌಜನ್ಯದ ಮಾತು ಕನ್ನಡದಲ್ಲಿ ಬೆದರಿಕೆಯಂತೆ ಕೇಳಿಸಿತ್ತು. ಅದೇ ಬಗೆಯಲ್ಲಿ "ಈ ಸಂದೇಶವು ತಮ್ಮನ್ನು ಚೆನ್ನಾಗಿ ಕಾಣುತ್ತದೆಂದು ಆಶಿಸುತ್ತೇನೆ" ಎಂಬ ವಾಕ್ಯವೂ ಬಂದುದುಂಟು. ಸಂದೇಶ ಯಾರನ್ನಾದರೂ ಹೇಗೆ ಕಾಣುತ್ತದೆಯೋ ನನಗೆ ತಿಳಿಯದು. "ಸಪ್ರೇಮ ನಮಸ್ಕಾರಗಳು" ಎಂದೋ, ಮನೆತನದ ರೂಢಿಯಂತೆ "ಶರಣು ಶರಣಾರ್ಥಿಗಳು" ಎಂದೋ ಆರಂಭಿಸಿ ವಿಷಯಕ್ಕೆ ಬಂದರೆ ಸಾಕು. ಕೊಲ್ಹಾಪುರ, ಗಡಹಿಂಗ್ಲಜ, ಸಾಂಗಲಿಯ ಪೇಟೆಗಳೊಡನೆ ವ್ಯವಹಾರವಿರುವವರಿಗೆ ಯಂತ್ರವು ಮರಾಠಿಯಲ್ಲಿಯೂ ಬರೆದುಕೊಡುತ್ತದೆ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಮರಾಠಿ ಬಲ್ಲವರೊಬ್ಬರಿಂದ ಓದಿಸದೆ ಕಳಿಸಕೂಡದು. ಹುಕ್ಕೇರಿ, ಸಂಕೇಶ್ವರಗಳಲ್ಲಿ ಅಂತಹವರಿಗೆ ಕೊರತೆಯಿಲ್ಲ.

ಕಿರ್ದಿ ಮೊದಲು, ಪತ್ರ ಆಮೇಲೆ

ಈಗ ನಮ್ಮ ಕಚೇರಿಯಲ್ಲಿಯೇ ನಡೆದ ತಪ್ಪೊಂದನ್ನು ಮುಚ್ಚಿಡದೆ ಹೇಳುತ್ತೇನೆ. ಪಕ್ಷಗಾರರೊಬ್ಬರ ಬಾಕಿಯ ಯಾದಿಯನ್ನು ಶುಕ್ರವಾರ ಸಂಜೆ ಟ್ಯಾಲಿಯಿಂದ ತೆಗೆದೆವು. ಪತ್ರಗಳನ್ನು ಯಂತ್ರವು ಹತ್ತೇ ನಿಮಿಷದಲ್ಲಿ ಸಿದ್ಧಪಡಿಸಿತು. ಸೋಮವಾರ ಬೆಳಿಗ್ಗೆ ಅವು ಹೋದವು. ಅವುಗಳಲ್ಲಿ ಒಂದು, ಶನಿವಾರವೇ ಪೂರ್ಣ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದ್ದ ಹಳೆಯ ಗಿರಾಕಿಯ ಕೈ ಸೇರಿತು. "ಮೊನ್ನೆ ರೊಕ್ಕ ಕಳಿಸೇನ್ರಿ, ಇವತ್ತ ಕಾಗದ ಕಳಿಸೀರಿ. ಮೂವತ್ತ ವರ್ಷದಾಗ ಹಿಂಗ ಆಗಿರಲಿಲ್ಲ" ಎಂದು ಅವರು ನಮ್ಮ ಪಕ್ಷಗಾರರಿಗೆ ಹೇಳಿದ ಮಾತಿನಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು. ಕ್ಷಮೆ ಕೇಳಲು ನಾನೇ ಹೋಗಬೇಕಾಯಿತು. ಯಂತ್ರದ ತಪ್ಪು ಇದರಲ್ಲಿ ಎಳ್ಳಷ್ಟೂ ಇರಲಿಲ್ಲ. ನಾವು ಕೊಟ್ಟ ಅಂಕಿಯನ್ನು ಅದು ಬರೆದಿತ್ತು. ಹಿಂದೆ ಪತ್ರವನ್ನು ಕೈಯಲ್ಲಿ ಬರೆಯುತ್ತಿದ್ದಾಗ, ಬರೆಯುವ ಗುಮಾಸ್ತನು ಪ್ರತಿ ಹೆಸರಿಗೂ ಖಾತೆಯ ಹಾಳೆ ತಿರುವುತ್ತಿದ್ದನು. ಆ ನಿಧಾನದಲ್ಲಿಯೇ ತಪಾಸಣೆಯೂ ನಡೆದುಹೋಗುತ್ತಿತ್ತು. ಯಂತ್ರವು ಆ ನಿಧಾನವನ್ನು ತೆಗೆದುಹಾಕಿದೆ, ಅದರೊಡನೆ ತಪಾಸಣೆಯೂ ಹೊರಟುಹೋಗುತ್ತದೆ. ಅದನ್ನು ನಾವು ಬೇರೆಯಾಗಿ ಇಟ್ಟುಕೊಳ್ಳಬೇಕು.

ಈಗ ನಾವು ಅನುಸರಿಸುವ ಕ್ರಮದಲ್ಲಿ, ಕಳಿಸುವ ದಿನದ ಬೆಳಗಿನ ಬ್ಯಾಂಕ್ ಹೇಳಿಕೆಯನ್ನು ಖಾತೆಗೆ ಏರಿಸಿದ ಹೊರತು ಒಂದು ಪತ್ರವೂ ಹೊರಡದು. ಹಣ ಬಂದಿದೆಯೇ ಎಂದು ನೋಡಿದರಷ್ಟೇ ಸಾಲದು. ವಾಪಸು ಬಂದ ಸರಕಿನ ಕ್ರೆಡಿಟ್ ನೋಟು ಬರೆಯಲಾಗಿದೆಯೇ, ಗಿರಾಕಿ ಮುರಿದುಕೊಂಡ ಟಿಡಿಎಸ್ ಮೊತ್ತ ನಮ್ಮ ಪುಸ್ತಕದಲ್ಲಿ ಇನ್ನೂ ಬಾಕಿಯೆಂದೇ ನಿಂತಿದೆಯೇ, ಲಾರಿ ಬಾಡಿಗೆಯನ್ನು ಯಾರು ಕೊಡುವುದೆಂಬ ತಕರಾರು ಉಳಿದಿದೆಯೇ ಎಂಬುದನ್ನೂ ನೋಡಬೇಕು. ಬಾಕಿಯ ತಕರಾರುಗಳಲ್ಲಿ ಬಹುಪಾಲು ಹಣ ಕೊಡಲು ಮನಸ್ಸಿಲ್ಲದ್ದರಿಂದ ಹುಟ್ಟುವುದಿಲ್ಲ. ಎರಡು ಪುಸ್ತಕಗಳ ಶಿಲ್ಕು ಬೇರೆ ಬೇರೆ ಇರುವುದರಿಂದ ಹುಟ್ಟುತ್ತವೆ. ಮೂವತ್ತು ವರ್ಷ ಲೆಕ್ಕಪತ್ರ ನೋಡಿದ ಮೇಲೆ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಯಾವಾಗ ಕಳಿಸಬೇಕು

ಯಂತ್ರಕ್ಕೆ ಕೇಳಿದರೆ 30ನೆಯ ದಿನ ಒಂದು, 45ನೆಯ ದಿನ ಒಂದು, 60ನೆಯ ದಿನ ಒಂದು ಎಂದು ವೇಳಾಪಟ್ಟಿ ಕೊಡುತ್ತದೆ. ಬೆಂಗಳೂರಿನ ಕಂಪನಿಗೆ ಇದು ಸರಿಹೋಗಬಹುದು. ನಮ್ಮ ಭಾಗದಲ್ಲಿ ಮುಂಗಾರಿನ ಗೊಬ್ಬರ, ಬೀಜ, ಔಷಧಿಯ ಉದ್ರಿ ತೀರುವುದು ಕಬ್ಬಿನ ಬಿಲ್ಲು ಬಂದಾಗ. ರೈತರ ಕೈಗೆ ಹಣ ಬಂದ ಮೇಲೆ ಗೊಬ್ಬರದ ಅಂಗಡಿಗೆ, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಕಂಪನಿಗೆ ಹಣ ಹರಿಯುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದನ್ವಯ ಕಾರ್ಖಾನೆಯು ಕಬ್ಬು ಪಡೆದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇ. 15ರ ಬಡ್ಡಿ ಕೊಡಬೇಕು. ಅಂಗಡಿಕಾರರು ತಮ್ಮ ಜ್ಞಾಪನೆಯ ದಿನವನ್ನು ಬಿಲ್ಲಿನ ತಾರೀಖಿನಿಂದ ಎಣಿಸುವುದಕ್ಕಿಂತ ಗಿರಾಕಿಯ ಕಬ್ಬು ಕಟಾವಾದ ದಿನದಿಂದ ಎಣಿಸುವುದು ವ್ಯವಹಾರಕ್ಕೆ ಹೆಚ್ಚು ಹೊಂದುತ್ತದೆ.

2025ರ ನವೆಂಬರ್ ಮೊದಲ ವಾರವನ್ನು ನೆನಪಿಸಿಕೊಳ್ಳಿರಿ. ಟನ್ನಿಗೆ 3,500 ರೂಪಾಯಿ ದರಕ್ಕಾಗಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಕಬ್ಬು ಬೆಳೆಗಾರರು ಹಗಲಿರುಳು ಕುಳಿತಿದ್ದರು. ನವೆಂಬರ್ 7ರಂದು ಸರ್ಕಾರವು 3,300 ರೂಪಾಯಿಗೆ ಇತ್ಯರ್ಥ ಮಾಡುವವರೆಗೆ ಆ ಭಾಗದ ಪೇಟೆಯ ಗಮನವೆಲ್ಲ ಅತ್ತಲೇ ಇತ್ತು. ಆ ವಾರ ಧರಣಿಯಲ್ಲಿ ಕುಳಿತ ರೈತರ ಮೊಬೈಲಿಗೆ "ತಮ್ಮ ಪಾವತಿಯು 120 ದಿನ ವಿಳಂಬವಾಗಿದೆ" ಎಂಬ ಸಂದೇಶ ತಾನಾಗಿ ಹೋಗಿದ್ದರೆ ಆ ಅಂಗಡಿಯ ಗತಿಯೇನು? ಲೆಕ್ಕದ ತಂತ್ರಾಂಶದೊಡನೆ ಯಂತ್ರವನ್ನು ಜೋಡಿಸಿ, ಮನುಷ್ಯರ ಕೈ ಸೋಕದೆ ಸಂದೇಶಗಳು ತಾವೇ ಹೋಗುವ ವ್ಯವಸ್ಥೆಗಳು ಈಗ ಮಾರಾಟಕ್ಕಿವೆ. ಕೊಳ್ಳುವವರು ಕೊಳ್ಳಲಿ. ಆದರೆ ಕಳಿಸುವ ಗುಂಡಿಯನ್ನು ಮಾತ್ರ ಅಂಗಡಿಯ ಗಲ್ಲೆಯ ಮೇಲೆ ಕುಳಿತವರೇ ಒತ್ತಬೇಕೆಂಬುದು ನನ್ನ ಅಭಿಪ್ರಾಯ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾಗಿದೆ, ಯಾರ ಮನೆಯಲ್ಲಿ ಮದುವೆಯಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಕಾನೂನಿನ ಮಾತು ಬಂದಾಗ

ಇಲ್ಲಿ ಯಂತ್ರವು ಅತ್ಯಂತ ಆತ್ಮವಿಶ್ವಾಸದಿಂದ ತಪ್ಪು ಮಾಡುತ್ತದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಕೊಂಡವರು ಬರವಣಿಗೆಯ ಕರಾರಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಆದರೆ ಆ ಅವಧಿ ಯಾವ ಕಾರಣಕ್ಕೂ 45 ದಿನ ಮೀರುವಂತಿಲ್ಲ. ಕರಾರಿಲ್ಲದಿದ್ದರೆ 15 ದಿನಗಳು. ದಿನಗಳ ಎಣಿಕೆ ಆರಂಭವಾಗುವುದು ಸರಕನ್ನು ಒಪ್ಪಿಕೊಂಡ ದಿನದಿಂದ. ಸರಕು ತಲುಪಿದ 15 ದಿನಗಳೊಳಗೆ ಕೊಂಡವರು ಬರವಣಿಗೆಯಲ್ಲಿ ಆಕ್ಷೇಪಿಸದಿದ್ದರೆ ತಲುಪಿದ ದಿನವೇ ಒಪ್ಪಿದ ದಿನವೆಂದು ಕಾಯ್ದೆ ಭಾವಿಸುತ್ತದೆ. ಆದುದರಿಂದ ಮೊದಲನೆಯ ಸಂದೇಶವನ್ನು ಬಾಕಿಯಾದ ಮೇಲಲ್ಲ, ಸರಕು ತಲುಪಿದ ದಿನವೇ ಕಳಿಸಬೇಕು: "ಸರಕು ಇಂದು ತಮಗೆ ತಲುಪಿದೆ, ಎಣಿಕೆ ಮತ್ತು ಗುಣಮಟ್ಟ ಸರಿಯಿದೆಯೇ ತಿಳಿಸಿರಿ." ಇದು ಸೌಜನ್ಯವೂ ಹೌದು, ಸಾಕ್ಷ್ಯವೂ ಹೌದು.

ಈ ರಕ್ಷಣೆ ಯಾರಿಗೆ? ಗೋಕಾಕದಲ್ಲಿ ಕರದಂಟು ತಯಾರಿಸಿ ಬೆಳಗಾವಿ, ಹುಬ್ಬಳ್ಳಿಯ ಅಂಗಡಿಗಳಿಗೆ ಪೂರೈಸುವವರು ತಯಾರಕರು. ಉದ್ಯಮ್ ನೋಂದಣಿಯಿದ್ದರೆ ಅವರಿಗೆ ಇದು ಅನ್ವಯಿಸುತ್ತದೆ. ನೋಂದಣಿಯು ಸರಕು ಪೂರೈಸುವ ಮುಂಚೆಯೇ ಇರುವುದು ಕ್ಷೇಮ. ಆದರೆ ಗೊಬ್ಬರ, ಕಿರಾಣಿ, ಬಟ್ಟೆಯ ವ್ಯಾಪಾರಿಗಳಿಗೆ ಅನ್ವಯಿಸದು. ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ 2021ರ ಜುಲೈ ತಿಂಗಳಲ್ಲಿ ಉದ್ಯಮ್ ನೋಂದಣಿಯ ಅವಕಾಶವನ್ನು ಕೊಟ್ಟಾಗ, ಅದರ ಪ್ರಯೋಜನವನ್ನು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಗಿದೆ. ಗೊಬ್ಬರದ ವ್ಯಾಪಾರಿಯೊಬ್ಬರು ಯಂತ್ರದಿಂದ ಬರೆಯಿಸಿ ತಂದ ಪತ್ರದಲ್ಲಿ, ತಾವು ಉದ್ಯಮ್ ನೋಂದಾಯಿತರಾದ್ದರಿಂದ 45 ದಿನ ಮೀರಿದ್ದಕ್ಕೆ ಚಕ್ರಬಡ್ಡಿ ಕೊಡಬೇಕೆಂದು ಖಡಾಖಂಡಿತವಾಗಿ ಬರೆದಿತ್ತು. ಪತ್ರ ಕಳಿಸುವ ಮುಂಚೆ ಅವರು ತೋರಿಸಲು ಬಂದದ್ದು ಒಳ್ಳೆಯದಾಯಿತು.

ತಯಾರಕರ ವಿಷಯದಲ್ಲಿಯೂ ಲೆಕ್ಕವನ್ನು ಪರೀಕ್ಷಿಸಬೇಕು. 16ನೆಯ ಕಲಮಿನ ಬಡ್ಡಿಯು ರಿಸರ್ವ್ ಬ್ಯಾಂಕು ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 5.50 ಎಂದು ಇಟ್ಟುಕೊಂಡರೆ ಬಡ್ಡಿ ವಾರ್ಷಿಕ ಶೇ. 16.50, ತಿಂಗಳಿಗೆ ಶೇ. 1.375. 2,40,000 ರೂಪಾಯಿಯ ಬಾಕಿ ನಾಲ್ಕು ತಿಂಗಳು ತಡವಾದರೆ ಬಡ್ಡಿ 13,475 ರೂಪಾಯಿಯಾಗುತ್ತದೆ. ಯಂತ್ರವು ಒಮ್ಮೆ ಇದನ್ನು ಸರಳ ಬಡ್ಡಿಯಲ್ಲಿ ಲೆಕ್ಕ ಹಾಕಿ 13,200 ಎಂದು ಕೊಟ್ಟಿತು. ವ್ಯತ್ಯಾಸ 275 ರೂಪಾಯಿ ಮಾತ್ರ. ಆದರೆ ಎದುರಿನವರ ಲೆಕ್ಕಿಗರು ಆ 275 ರೂಪಾಯಿಯನ್ನೇ ಹಿಡಿದು ಇಡೀ ಪತ್ರವನ್ನು ಬದಿಗೆ ಸರಿಸುತ್ತಾರೆ. ಬ್ಯಾಂಕ್ ದರವೂ ಆಗಾಗ ಬದಲಾಗುವುದರಿಂದ ಆಯಾ ಅವಧಿಯ ದರವನ್ನು ನಾವೇ ನೋಡಿ ಕೊಡಬೇಕು.

ಬೆದರಿಕೆಯಿಲ್ಲದೆ ಹೇಳಬಹುದಾದ ಎರಡು ಮಾತುಗಳಿವೆ. ಮೊದಲನೆಯದು ಆದಾಯ ತೆರಿಗೆಯದು. 1961ರ ಕಾಯ್ದೆಗೆ 2023ರ ಹಣಕಾಸು ಕಾಯ್ದೆಯು 43ಬಿ(ಎಚ್) ಉಪಬಂಧವನ್ನು ಸೇರಿಸಿದ್ದರಿಂದ, 2024-25ನೆಯ ಕರನಿರ್ಧಾರಣ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮೇಲಿನ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಂಡವರು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿಯೂ ಈ ತತ್ತ್ವ ಮುಂದುವರಿದಿದೆ. ಆದುದರಿಂದ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ "ವರ್ಷಾಂತ್ಯದೊಳಗೆ ಪಾವತಿಯಾದರೆ ತಮ್ಮ ತೆರಿಗೆಯ ಲೆಕ್ಕಕ್ಕೂ ಅನುಕೂಲ" ಎಂದು ತಯಾರಕರು ಬರೆಯಬಹುದು. ಎರಡನೆಯದು ಜಿಎಸ್‌ಟಿಯದು, ಇದು ವ್ಯಾಪಾರಿಗಳಿಗೂ ಒದಗುತ್ತದೆ. ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ ಕೊಂಡವರು ತಾವು ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. 150ನೆಯ ದಿನದ ಸುಮಾರಿಗೆ ಇದನ್ನು ನೆನಪಿಸಿದರೆ ಅವರ ಲೆಕ್ಕಿಗರೇ ಯಜಮಾನರಿಗೆ ಹೇಳುತ್ತಾರೆ.

ಚೆಕ್ಕು ಅಮಾನ್ಯವಾದರೆ ಯಂತ್ರವನ್ನು ಬದಿಗಿಟ್ಟು ಅದೇ ದಿನ ವಕೀಲರನ್ನು ಕಾಣಬೇಕು. ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೆಯ ಕಲಮಿನನ್ವಯ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ಹೋಗಬೇಕು. ನೋಟೀಸು ತಲುಪಿದ ಮೇಲೆ ಹಣ ಕೊಡಲು 15 ದಿನಗಳು. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಸೌಜನ್ಯದ ಜ್ಞಾಪನೆಗಳನ್ನು ಕಳಿಸುತ್ತ ಈ 30 ದಿನಗಳನ್ನು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಗುಟ್ಟು ಮತ್ತು ದಾಖಲೆ

ಯಾರ ಹೆಸರಿನಲ್ಲಿ ಎಷ್ಟು ಬಾಕಿಯೆಂಬುದು ವ್ಯಾಪಾರಿಯ ಗುಟ್ಟು. ಅದನ್ನು ಹೊರಗಿನ ಯಂತ್ರದಲ್ಲಿ ಬರೆದರೆ ಅದು ನಮ್ಮ ಕಪಾಟಿನಲ್ಲಿ ಉಳಿಯದು. ನಮ್ಮಂತಹ ಲೆಕ್ಕ ಪರಿಶೋಧಕರಿಗಂತೂ, ವೃತ್ತಿಯಲ್ಲಿ ತಿಳಿದುಬಂದ ಪಕ್ಷಗಾರರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೆಯ ಅನುಸೂಚಿಯಂತೆ ವೃತ್ತಿ ದುರ್ನಡತೆ. ಆದುದರಿಂದ ನಮ್ಮ ಕಚೇರಿಯಲ್ಲಿ ಯಂತ್ರಕ್ಕೆ ಹೆಸರು, ಮೊಬೈಲ್ ಸಂಖ್ಯೆ, ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ಖಾತೆ ಯಾವುದನ್ನೂ ಕೊಡುವುದಿಲ್ಲ. "ಗಿರಾಕಿ ಅ", "ಬಿಲ್ಲು 1" ಎಂದು ಬರೆದು, ಸಿದ್ಧವಾದ ಪತ್ರಕ್ಕೆ ನಿಜವಾದ ಹೆಸರನ್ನೂ ಅಂಕಿಯನ್ನೂ ನಮ್ಮ ಕಂಪ್ಯೂಟರಿನಲ್ಲಿ ತುಂಬುತ್ತೇವೆ. ಸ್ವಲ್ಪ ಹೆಚ್ಚಿನ ಕೆಲಸ, ಆದರೆ ಅಂಕಿಯನ್ನು ಎರಡನೆಯ ಸಲ ನೋಡಿದಂತೆಯೂ ಆಗುತ್ತದೆ.

ಕಳಿಸಿದ ಸಂದೇಶಗಳನ್ನೂ ಬಂದ ಉತ್ತರಗಳನ್ನೂ ಅಳಿಸದೆ ಇಟ್ಟುಕೊಳ್ಳಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನನ್ವಯ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ನಿಗದಿತ ಪ್ರಮಾಣಪತ್ರ ಬೇಕು. ಹಳೆಯ ಮೊಬೈಲನ್ನು ಮಾರಿದ ಮೇಲೆ ಅದು ಕಷ್ಟ. ವಾಟ್ಸಾಪಿನಲ್ಲಿ ಬಂದ "ಹೌದ್ರಿ, ಯುಗಾದಿಗೆ ಕೊಡ್ತೀನಿ" ಎಂಬ ಉತ್ತರಕ್ಕೆ ಬೆಲೆಯಿದೆ. ಆದರೂ ಕಾಲಮಿತಿಯ ದೃಷ್ಟಿಯಿಂದ ಕಾಗದದ ಮೇಲಿನ ಸಹಿಯಷ್ಟು ನಿರ್ವಿವಾದವಾದದ್ದು ಬೇರೊಂದಿಲ್ಲ. ಹೀಗಾಗಿ ನಾನು ಪಕ್ಷಗಾರರಿಗೆ ಹೇಳುವುದಿಷ್ಟು. ವರ್ಷವಿಡೀ ಸಂದೇಶಗಳನ್ನು ಯಂತ್ರದಿಂದ ಬರೆಯಿಸಿರಿ. ಆದರೆ ವರ್ಷಕ್ಕೊಮ್ಮೆ, ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ, ಪ್ರತಿಯೊಬ್ಬ ಬಾಕಿದಾರರಿಗೂ ಎರಡು ಪ್ರತಿಗಳಲ್ಲಿ ಶಿಲ್ಕು ದೃಢೀಕರಣ ಪತ್ರ ಕಳಿಸಿ, ಒಂದನ್ನು ಸಹಿಯೊಡನೆ ಹಿಂದಕ್ಕೆ ಪಡೆಯಿರಿ. ಮೇಲೆ ಹೇಳಿದ ಕಬ್ಬಿಣದ ವ್ಯಾಪಾರಿಗಳ ಮಗನು ಈಗ ಬೇರೆ ಖಾತೆಗಳಿಗೆ ಇದನ್ನೇ ಮಾಡುತ್ತಿದ್ದಾನೆ. ಅಂಚೆಯಲ್ಲಿ ಹೋದದ್ದು ಹಿಂದಿರುಗದಿದ್ದರೆ ತಂದೆಯವರೇ ಸಂಜೆ ಹೋಗಿ, ಚಹಾ ಕುಡಿದು, ಸಹಿ ಮಾಡಿಸಿಕೊಂಡು ಬರುತ್ತಾರೆ. ಹಣ ಕೇಳಲು ಸಂಕೋಚಪಡುತ್ತಿದ್ದ ಅವರಿಗೆ ಲೆಕ್ಕ ತಾಳೆ ನೋಡಲು ಸಂಕೋಚವಿಲ್ಲ.

ಪತ್ರದ ಮಾದರಿ ಕೆಳಗಿದೆ. ಇದನ್ನು ಯಂತ್ರವು ಬರೆಯಿತು, ನಾನು ತಿದ್ದಿದೆ.

"ಶ್ರೀಯುತ ................ ಇವರಿಗೆ, ಸಪ್ರೇಮ ನಮಸ್ಕಾರಗಳು.

ದಿನಾಂಕ 31 ಮಾರ್ಚ್ ............ರ ಅಂತ್ಯಕ್ಕೆ ನಮ್ಮ ಪುಸ್ತಕದಲ್ಲಿ ತಮ್ಮ ಖಾತೆಗೆ ರೂ. ............ (ಅಕ್ಷರದಲ್ಲಿ ................) ತಮ್ಮಿಂದ ಬರಬೇಕಾದ ಶಿಲ್ಕು ಇದ್ದು, ಬಿಲ್ಲುವಾರು ವಿವರವನ್ನು ಲಗತ್ತಿಸಿದ್ದೇವೆ. ತಮ್ಮ ಪುಸ್ತಕದೊಡನೆ ತಾಳೆ ನೋಡಿ, ಸರಿಯಿದ್ದಲ್ಲಿ ಕೆಳಗೆ ದಿನಾಂಕಸಹಿತ ಸಹಿ ಮಾಡಿ ಒಂದು ಪ್ರತಿಯನ್ನು ಹಿಂದಿರುಗಿಸಬೇಕಾಗಿ ವಿನಂತಿ. ವ್ಯತ್ಯಾಸವಿದ್ದಲ್ಲಿ ತಮ್ಮ ಪುಸ್ತಕದ ಶಿಲ್ಕನ್ನು ಬರೆದು ತಿಳಿಸಿರಿ, ನಮ್ಮ ಗುಮಾಸ್ತರು ಬಂದು ಕಾಣುತ್ತಾರೆ.

ಮೇಲ್ಕಂಡ ಶಿಲ್ಕು ನಮ್ಮಿಂದ ಕೊಡಬೇಕಾಗಿದೆ ಎಂದು ಒಪ್ಪಿರುತ್ತೇವೆ.
ಸಹಿ ಮತ್ತು ಮುದ್ರೆ ................ ದಿನಾಂಕ ................"